ಬಾರ್ಬಡೋಸ್‌ನಲ್ಲಿ ಬೀಚ್ ರೆಸಾರ್ಟ್ ರಜೆ: ಮೊದಲು ಕರಾವಳಿ ಆರಿಸಿ, ಆಮೇಲೆ ಹೋಟೆಲ್

ಕೆರಿಬಿಯನ್ ರಜೆ ಎಂದಕೂಡಲೇ ಹೆಚ್ಚಿನವರು ರೆಸಾರ್ಟಿನ ಫೋಟೊ ನೋಡುತ್ತಾ ಕೂರುತ್ತಾರೆ. ಬಾರ್ಬಡೋಸ್‌ಗೆ ಹೋಗುವವರು ಇದನ್ನು ಮೂರನೇ ಕೆಲಸವಾಗಿ ಇಟ್ಟುಕೊಳ್ಳಬೇಕು. ನಿಮ್ಮ ಪಾಸ್‌ಪೋರ್ಟಿಗೆ ಯಾವ ದಾರಿ ತೆರೆದಿದೆ ಎಂದು ನೋಡುವುದು ಮೊದಲನೆಯದು. ದ್ವೀಪದ ಯಾವ ಕರಾವಳಿ ಬೇಕೆಂದು ತೀರ್ಮಾನಿಸುವುದು ಎರಡನೆಯದು. ಇವೆರಡು ಗಟ್ಟಿಯಾದರೆ ಹೋಟೆಲ್ ಆರಿಸುವುದು ಕಷ್ಟವೇ ಅಲ್ಲ. ಕ್ರಮ ತಪ್ಪಿದರೆ ದುಬಾರಿ ಕೋಣೆಯ ಎದುರು ಇಳಿಯಲಾಗದ ಸಮುದ್ರ ಸಿಗುತ್ತದೆ, ಇಲ್ಲವೇ ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲೇ ಪ್ರಯಾಣ ಮುಗಿಯುತ್ತದೆ.

ಇಷ್ಟೊಂದು ದ್ವೀಪಗಳಿರುವಾಗ ಬಾರ್ಬಡೋಸ್ ಏಕೆ? ಭಾರತದ ಸಾಮಾನ್ಯ ಪಾಸ್‌ಪೋರ್ಟ್ ಇದ್ದವರು ಅಲ್ಲಿ 90 ದಿನಗಳವರೆಗೆ ವೀಸಾ ಇಲ್ಲದೆ ಇರಬಹುದು. ಜನ ಇಂಗ್ಲಿಷ್ ಮಾತಾಡುತ್ತಾರೆ, ವಾಹನಗಳು ನಮ್ಮಂತೆ ಎಡಬದಿಯಲ್ಲೇ ಓಡುತ್ತವೆ, ನಲ್ಲಿ ನೀರು ಕುಡಿಯಬಹುದು. ಉದ್ದ ಸುಮಾರು 34 ಕಿ.ಮೀ., ಅಗಲ 23 ಕಿ.ಮೀ. ಇರುವ ದ್ವೀಪವಾದ್ದರಿಂದ ಎಲ್ಲಿ ತಂಗಿದರೂ ಒಂದು ದಿನದಲ್ಲಿ ಎಲ್ಲ ಕಡೆ ಹೋಗಿ ಬರಬಹುದು. ಮೊದಲ ಸಲ ಕೆರಿಬಿಯನ್‌ಗೆ ಹೋಗುವ ಕುಟುಂಬಕ್ಕೆ ಇದಕ್ಕಿಂತ ಸಲೀಸಾದ ಜಾಗ ಕಡಿಮೆ.

ದಾರಿ: ಅಡ್ಡಿ ಬಾರ್ಬಡೋಸ್ ವೀಸಾದ್ದಲ್ಲ, ನಡುವಿನ ಊರಿನದು

ಭಾರತದಿಂದ ನೇರ ವಿಮಾನವಿಲ್ಲ. ಬೆಂಗಳೂರಿನಿಂದ ಹೋಗುವವರಿಗೆ ಅನುಕೂಲವಾದ ದಾರಿ ಲಂಡನ್. ಹೀಥ್ರೂವರೆಗೆ ಹತ್ತೂವರೆಯಿಂದ ಹನ್ನೊಂದು ಗಂಟೆ, ಅಲ್ಲಿಂದ ಬಾರ್ಬಡೋಸ್ ರಾಜಧಾನಿ ಬ್ರಿಜ್‌ಟೌನ್‌ನ ಗ್ರಾಂಟ್ಲಿ ಆಡಮ್ಸ್ ವಿಮಾನ ನಿಲ್ದಾಣಕ್ಕೆ ಎಂಟೂವರೆಯಿಂದ ಒಂಬತ್ತು ಗಂಟೆ. ಬ್ರಿಟಿಷ್ ಏರ್‌ವೇಸ್ ಮತ್ತು ವರ್ಜಿನ್ ಅಟ್ಲಾಂಟಿಕ್ ಎರಡೂ ಲಂಡನ್‌ನಿಂದ ಅಲ್ಲಿಗೆ ಹಾರುತ್ತವೆ.

ಟಿಕೆಟ್ ಕೊಳ್ಳುವ ಮುನ್ನ ಎರಡನೇ ವಿಮಾನ ಯಾವ ನಿಲ್ದಾಣದಿಂದ ಹೊರಡುತ್ತದೆ ಎಂದು ನೋಡಿ. ಎಲ್‌ಎಚ್‌ಆರ್ ಎಂದಿದ್ದರೆ ಹೀಥ್ರೂ, ಎಲ್‌ಜಿಡಬ್ಲ್ಯೂ ಎಂದಿದ್ದರೆ ಗ್ಯಾಟ್‌ವಿಕ್. ಹೀಥ್ರೂದಲ್ಲಿ ಇಳಿದು ಹೀಥ್ರೂದಿಂದಲೇ ಹತ್ತುವುದಾದರೆ, ಒಂದೇ ಟಿಕೆಟ್ ಆಗಿದ್ದರೆ, ವಲಸೆ ಗೇಟು ದಾಟಬೇಕಿಲ್ಲ. ಹಾಗಿದ್ದರೂ ಭಾರತೀಯರಿಗೆ ಬ್ರಿಟನ್ನಿನ ಏರ್‌ಸೈಡ್ ಟ್ರಾನ್ಸಿಟ್ ವೀಸಾ ಬೇಕು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಅಥವಾ ನ್ಯೂಜಿಲೆಂಡ್‌ನ ಚಾಲ್ತಿಯಲ್ಲಿರುವ ವೀಸಾ ಇದ್ದವರಿಗೆ ಇದರಿಂದ ವಿನಾಯಿತಿ ಉಂಟು. ಷರತ್ತುಗಳನ್ನು ಬ್ರಿಟನ್ ಸರ್ಕಾರದ ಜಾಲತಾಣದಲ್ಲೇ ಓದಿಕೊಳ್ಳಿ, ಏಜೆಂಟರ ಬಾಯಿಮಾತು ನೆಚ್ಚಬೇಡಿ. ಗ್ಯಾಟ್‌ವಿಕ್‌ಗೆ ಬದಲಾಯಿಸಬೇಕಾದರೆ, ಎರಡು ಬೇರೆ ಬೇರೆ ಟಿಕೆಟ್ ಕೊಂಡು ಲಗೇಜ್ ಹೊರತೆಗೆದು ಮತ್ತೆ ಹಾಕಬೇಕಾದರೆ, ಅಥವಾ ರಾತ್ರಿ ಹೋಟೆಲಿನಲ್ಲಿ ಉಳಿಯಬೇಕಾದರೆ ನೀವು ಬ್ರಿಟನ್ ಒಳಗೆ ಕಾಲಿಟ್ಟಂತೆ. ಏರ್‌ಸೈಡ್ ವೀಸಾ ಸಾಲದು. ಅಗ್ಗದ ಟಿಕೆಟ್‌ಗಳು ಬಹುಪಾಲು ಇಲ್ಲೇ ಕೈಕೊಡುತ್ತವೆ. ಬ್ರಿಟನ್ನಿನ ಸಾಮಾನ್ಯ ಸಂದರ್ಶಕ ವೀಸಾ ತೆಗೆದುಕೊಂಡು, ಹೋಗುವಾಗ ಲಂಡನ್‌ನಲ್ಲಿ ಒಂದು ರಾತ್ರಿ ನಿಂತು ಮುಂದೆ ಹೋಗುವುದೇ ನಮ್ಮ ಸಲಹೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಇಪ್ಪತ್ತು ಗಂಟೆಯ ಹಾರಾಟವನ್ನು ಒಂದೇ ಉಸಿರಿಗೆ ಮುಗಿಸುವುದು ಬೇಡ.

ಅಮೆರಿಕದ ಮೂಲಕ ಹೋಗುವವರಿಗೆ ಏರ್‌ಸೈಡ್ ಎಂಬ ಸೌಲಭ್ಯವೇ ಇಲ್ಲ. ಎರಡು ಗಂಟೆ ನಿಲ್ಲುವುದಾದರೂ ಟ್ರಾನ್ಸಿಟ್ ಅಥವಾ ಸಂದರ್ಶಕ ವೀಸಾ ಬೇಕೇ ಬೇಕು.

ಅಮೆರಿಕದಲ್ಲೇ ನೆಲೆಸಿರುವ ಕನ್ನಡಿಗರಿಗೆ ಮಯಾಮಿಯಿಂದ ನಾಲ್ಕು ಗಂಟೆಯೊಳಗಿನ ಹಾರಾಟ. ನ್ಯೂಯಾರ್ಕ್‌ನಿಂದ ಐದು ಗಂಟೆಯ ಹತ್ತಿರ. ಆದರೆ ಎಚ್-1ಬಿ ಎಂಬ ಉದ್ಯೋಗ ವೀಸಾ ಮೇಲಿರುವವರು ಒಂದು ವಿಷಯ ಗಮನಿಸಬೇಕು. ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿದ್ದರೂ ಕೆನಡಾ, ಮೆಕ್ಸಿಕೊಗೆ 30 ದಿನದೊಳಗೆ ಹೋಗಿ ಬರಲು ಸಾಮಾನ್ಯವಾಗಿ ಅವಕಾಶವಿದೆ. ಬಾರ್ಬಡೋಸ್‌ಗೆ ಆ ಅವಕಾಶ ಎಚ್-1ಬಿ ಇದ್ದವರಿಗೆ ಇಲ್ಲ. ಎಫ್ ಮತ್ತು ಜೆ ವೀಸಾದ ವಿದ್ಯಾರ್ಥಿಗಳು, ಸಂಶೋಧಕರಿಗೆ ಮಾತ್ರ ಹತ್ತಿರದ ದ್ವೀಪಗಳಿಗೂ ಅದು ಅನ್ವಯಿಸುತ್ತದೆ. ಎಚ್-1ಬಿ ಅನುಮೋದನೆಯ ಐ-797 ಕಾಗದ ಕೈಯಲ್ಲಿದೆ ಎಂಬ ಧೈರ್ಯದ ಮೇಲೆ ಹೊರಟರೆ ಮರಳಿ ಬರುವ ವಿಮಾನಕ್ಕೆ ಹತ್ತಿಸಿಕೊಳ್ಳುವುದಿಲ್ಲ.

ಹೊರಡುವ ಮೂರು ದಿನದೊಳಗೆ ಬಾರ್ಬಡೋಸ್ ಸರ್ಕಾರದ ವಲಸೆ ಮತ್ತು ಕಸ್ಟಮ್ಸ್ ಫಾರ್ಮನ್ನು ಆನ್‌ಲೈನ್‌ನಲ್ಲಿ ತುಂಬಿ, ಬರುವ ಕ್ಯೂಆರ್ ಕೋಡನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಇದಕ್ಕೆ ಶುಲ್ಕವಿಲ್ಲ, ದುಡ್ಡು ಕೇಳುವ ತಾಣ ಸರ್ಕಾರದ್ದಲ್ಲ. ವಾಪಸ್ ಟಿಕೆಟ್ ಮತ್ತು ಹೋಟೆಲ್ ಬುಕಿಂಗ್ ಮುದ್ರಿಸಿಟ್ಟುಕೊಳ್ಳಿ.

ಇದೇ ಪ್ರವಾಸಕ್ಕೆ ಟ್ರಿನಿಡಾಡ್ ಅಥವಾ ಗಯಾನಾ ಸೇರಿಸುವ ಯೋಚನೆಯಿದ್ದರೆ ಹಳದಿ ಜ್ವರದ ಲಸಿಕೆ ಮರೆಯಬಾರದು. ಲಸಿಕೆಯ ಪ್ರಮಾಣಪತ್ರ ಚಾಲ್ತಿಗೆ ಬರುವುದು 10 ದಿನ ಕಳೆದ ಮೇಲೆ. ಅದಿಲ್ಲದೆ ಆ ದೇಶಗಳಿಂದ ಭಾರತಕ್ಕೆ ಮರಳಿದವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಬಾರ್ಬಡೋಸ್‌ಗೆ ಮಾತ್ರ ಹೋಗಿ ಬರುವವರಿಗೆ ಈ ತೊಡಕಿಲ್ಲ.

ಯಾವ ಕರಾವಳಿ?

ಇಡೀ ಯೋಜನೆಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಈ ಪ್ರಶ್ನೆಗೆ. ಬಾರ್ಬಡೋಸ್ ಕೆರಿಬಿಯನ್ ದ್ವೀಪಸಾಲಿನಿಂದ ಪೂರ್ವಕ್ಕೆ ಸರಿದು ಅಟ್ಲಾಂಟಿಕ್ ಸಾಗರದಲ್ಲಿ ಒಂಟಿಯಾಗಿ ನಿಂತಿದೆ. ಗಾಳಿ ವರ್ಷವಿಡೀ ಪೂರ್ವದಿಂದ ಬೀಸುತ್ತದೆ. ಹೀಗಾಗಿ ಪೂರ್ವ ತೀರಕ್ಕೆ ಆಫ್ರಿಕಾದ ಕಡೆಯಿಂದ ತಡೆಯಿಲ್ಲದೆ ಬರುವ ಅಲೆಗಳು ಬಡಿಯುತ್ತವೆ. ಪಶ್ಚಿಮ ತೀರ ದ್ವೀಪದ ಮರೆಯಲ್ಲಿ ಇರುವುದರಿಂದ ಹೆಚ್ಚಿನ ದಿನ ಕೆರೆಯಂತೆ ಶಾಂತ.

ಪಶ್ಚಿಮ ತೀರವೆಂದರೆ ಸೇಂಟ್ ಜೇಮ್ಸ್ ಮತ್ತು ಸೇಂಟ್ ಪೀಟರ್ ಪ್ಯಾರಿಷ್‌ಗಳು (ಆಡಳಿತ ವಿಭಾಗಗಳು). ಪ್ಲಾಟಿನಂ ಕೋಸ್ಟ್ ಎಂದು ಹೆಸರಾದದ್ದು ಇದೇ. 1961ರಲ್ಲಿ ಶುರುವಾದ ಸ್ಯಾಂಡಿ ಲೇನ್, ಹೋಲ್‌ಟೌನ್ ಬಳಿಯ ಕೋರಲ್ ರೀಫ್ ಕ್ಲಬ್ ಮತ್ತು ಸ್ಯಾಂಡ್‌ಪೈಪರ್, ಉತ್ತರಕ್ಕೆ ಸ್ಪೈಟ್ಸ್‌ಟೌನ್ ಪಕ್ಕದ ಕಾಬ್ಲರ್ಸ್ ಕೋವ್ ಎಲ್ಲ ಇಲ್ಲಿಯವೇ. ಈಜು ಅಷ್ಟಾಗಿ ಬಾರದವರಿಗೆ, ಸಣ್ಣ ಮಕ್ಕಳಿಗೆ, ಮುಖವಾಡ ಹಾಕಿಕೊಂಡು ಮೀನು, ಆಮೆ ನೋಡಬೇಕೆನ್ನುವವರಿಗೆ ಈ ತೀರವೇ ಸರಿ. ಸೂರ್ಯ ಮುಳುಗುವುದೂ ಎದುರಿಗೇ. ಕೊರತೆಗಳೂ ಉಂಟು: ಬೀಚ್ ಕಿರಿದು. ಚಳಿಗಾಲದಲ್ಲಿ ಆಗಾಗ ಉತ್ತರದಿಂದ ಬರುವ ದೊಡ್ಡ ಅಲೆಗಳು ಮರಳನ್ನೇ ಕೊಚ್ಚಿಕೊಂಡು ಹೋಗಿ ಕೆಲವು ದಿನ ಬರೀ ಕಲ್ಲು ಉಳಿಯುವುದುಂಟು. ಹೈವೇ 1 ಎಂಬ ಕರಾವಳಿ ರಸ್ತೆ ಹೋಟೆಲುಗಳ ಬೆನ್ನಿಗೇ ಹಾದುಹೋಗುತ್ತದೆ. ರಸ್ತೆ ಕಡೆಯ ಕೋಣೆ ಸಿಕ್ಕಿದರೆ ಬಸ್ಸಿನ ಸದ್ದು ತಪ್ಪದು.

ದಕ್ಷಿಣ ತೀರ, ಅಂದರೆ ಕ್ರೈಸ್ಟ್ ಚರ್ಚ್ ಪ್ಯಾರಿಷ್, ಬೇರೆಯದೇ ಸ್ವಭಾವದ್ದು. ಡೋವರ್, ವರ್ದಿಂಗ್, ರಾಕ್ಲಿ ಬೀಚುಗಳು ಅಗಲ, ಮರಳು ಬಿಳಿ, ಗಾಳಿ ಚೆನ್ನಾಗಿ ಬೀಸುತ್ತದೆ, ಅಲೆಗಳಲ್ಲಿ ಆಡಬಹುದು. ಸಂಜೆ ನಡೆದುಕೊಂಡೇ ಊಟಕ್ಕೆ ಹೋಗಬಹುದಾದ ಸೇಂಟ್ ಲಾರೆನ್ಸ್ ಗ್ಯಾಪ್ ಇಲ್ಲಿದೆ. ದಂಪತಿಗಳಿಗೆ ಮಾತ್ರ ಮೀಸಲಾದ, ಊಟ-ಪಾನೀಯ ಎಲ್ಲ ಸೇರಿದ ಸ್ಯಾಂಡಲ್ಸ್ ರೆಸಾರ್ಟುಗಳೂ ಇಲ್ಲೇ. ಪಶ್ಚಿಮಕ್ಕಿಂತ ದರ ಕಡಿಮೆ, ವಿಮಾನ ನಿಲ್ದಾಣ ಹತ್ತಿರ. ಹದಿಹರೆಯದ ಮಕ್ಕಳಿರುವ ಕುಟುಂಬಕ್ಕೆ ಇದೇ ಹೆಚ್ಚು ಹಿಡಿಸುತ್ತದೆ.

ಆಗ್ನೇಯ ಮೂಲೆಯಲ್ಲಿ, ಬಂಡೆಯ ಮೇಲೆ ನಿಂತಿರುವ ಕ್ರೇನ್ ರೆಸಾರ್ಟ್ 1887ರಿಂದ ನಡೆಯುತ್ತಿದೆ. ಕೆಳಗಿನ ಬೀಚ್ ಫೋಟೊಗಳಲ್ಲಿ ಎಲ್ಲಕ್ಕಿಂತ ಚೆಂದ, ನೀರು ಮಾತ್ರ ಸೆಳೆತದ್ದು. ಒಳ್ಳೆಯ ಈಜುಗಾರರಿಗೆ, ಕೆಂಪು ಬಾವುಟ ಇಲ್ಲದ ದಿನ ಮಾತ್ರ.

ಪೂರ್ವದ ಬಾತ್‌ಶೀಬಾಕ್ಕೆ ಹೋಗಿ ನೋಡಿ, ಬಂಡೆಗಳ ನಡುವಿನ ಕೊಳಗಳಲ್ಲಿ ಕುಳಿತುಕೊಳ್ಳಿ, ಸೂಪ್ ಬೌಲ್ ಎಂಬಲ್ಲಿ ಸರ್ಫಿಂಗ್ ಮಾಡುವವರನ್ನು ನೋಡಿ. ಈಜಲು ಇಳಿಯಬೇಡಿ. ಮೊಣಕಾಲುದ್ದ ನೀರಿನಲ್ಲೂ ಹಿಂದಕ್ಕೆ ಎಳೆಯುವ ಸೆಳೆತ ಅಲ್ಲಿದೆ. ಯಾವ ತೀರದಲ್ಲೇ ಆಗಲಿ ಸೆಳೆತಕ್ಕೆ ಸಿಕ್ಕರೆ ದಡದ ಕಡೆ ನೇರ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದ ಪಟ್ಟಿಯಿಂದ ಹೊರಬನ್ನಿ.

ದುಡ್ಡು ಉಳಿಸುವವರಿಗೆ ಒಂದು ಮಾತು. ಬಾರ್ಬಡೋಸ್‌ನ ಬೀಚುಗಳೆಲ್ಲ ಸಾರ್ವಜನಿಕ. ಸ್ಯಾಂಡಿ ಲೇನ್ ಮುಂದಿನ ಮರಳಿನಲ್ಲಿ ಯಾರು ಬೇಕಾದರೂ ನಡೆಯಬಹುದು, ಈಜಬಹುದು; ಹೋಟೆಲಿನ ಕುರ್ಚಿ, ಕೊಡೆ ಮಾತ್ರ ಅವರ ಅತಿಥಿಗಳಿಗೆ. ಹೋಟೆಲುಗಳ ನಡುವೆ ಬೀಚಿಗೆ ಇಳಿಯುವ ಓಣಿಗಳಿವೆ. ಹಾಗಾಗಿ ಆ ತೀರದ ಸಮುದ್ರ ಬೇಕೆಂದರೆ ಅಲ್ಲಿನ ಅತಿ ದುಬಾರಿ ಕೋಣೆಯನ್ನೇ ಹಿಡಿಯಬೇಕಿಲ್ಲ.

ತಿಂಗಳು

ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಒಣ ಹವೆ, ದರವೂ ಮೇಲೆ. ಕ್ರಿಸ್‌ಮಸ್, ಹೊಸ ವರ್ಷದ ವಾರಗಳಲ್ಲಿ ದೊಡ್ಡ ಹೋಟೆಲುಗಳು ಕನಿಷ್ಠ ಇಷ್ಟು ರಾತ್ರಿ ಉಳಿಯಲೇಬೇಕು ಎಂದು ಷರತ್ತು ಹಾಕುತ್ತವೆ. ಕೆಲವು ಕಡೆ ಈ ಋತುವಿನ ಕೆಲವು ವಾರ ಸಣ್ಣ ಮಕ್ಕಳಿಗೆ ಪ್ರವೇಶವೂ ಇರುವುದಿಲ್ಲ. ನಮ್ಮ ಲೆಕ್ಕದಲ್ಲಿ ಏಪ್ರಿಲ್ ಕೊನೆಯಿಂದ ಮೇ ಅಂತ್ಯದವರೆಗಿನ ಸಮಯ ಒಳ್ಳೆಯದು. ದರ ಇಳಿದಿರುತ್ತದೆ, ಮಳೆ ಇನ್ನೂ ಹಿಡಿದಿರುವುದಿಲ್ಲ, ಶಾಲೆಗಳಿಗೆ ಬೇಸಿಗೆ ರಜೆಯೂ ಇರುತ್ತದೆ. ಆ ತಿಂಗಳುಗಳಲ್ಲಿ ಪೂರ್ವ ಮತ್ತು ದಕ್ಷಿಣ ತೀರಗಳಿಗೆ ಸರ್ಗಾಸಮ್ ಎಂಬ ಕಂದು ಬಣ್ಣದ ಕಡಲಕಳೆ ರಾಶಿ ರಾಶಿ ಬಂದು ಬೀಳುವುದುಂಟು. ಕೊಳೆತರೆ ಮೊಟ್ಟೆ ಕೆಟ್ಟಂಥ ವಾಸನೆ. ಪಶ್ಚಿಮಕ್ಕೆ ಅದರ ಕಾಟ ಬಹಳ ಕಡಿಮೆ. ಮೇ ತಿಂಗಳಿಗೆ ಪಶ್ಚಿಮ ತೀರವನ್ನೇ ಆರಿಸಲು ಇದೂ ಒಂದು ಕಾರಣ.

ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30. ಬಾರ್ಬಡೋಸ್ ಪೂರ್ವಕ್ಕೆ ಸರಿದಿರುವುದರಿಂದ ಹೆಚ್ಚಿನ ಚಂಡಮಾರುತಗಳು ಅದರ ಪಕ್ಕದಲ್ಲಿ ಹಾದುಹೋಗುತ್ತವೆ, ಆದರೆ ಪಕ್ಕದಲ್ಲಿ ಹಾದುಹೋದರೂ ವಿಮಾನ ನಿಲ್ದಾಣ ಮುಚ್ಚುತ್ತದೆ. 2024ರ ಜೂನ್ 29ರಂದು ಅಲ್ಲಿನ ಕೆನ್ಸಿಂಗ್ಟನ್ ಓವಲ್ ಕ್ರೀಡಾಂಗಣದಲ್ಲಿ ರಾಹುಲ್ ದ್ರಾವಿಡ್ ತರಬೇತಿಯ ಭಾರತ ತಂಡ ಟಿ20 ವಿಶ್ವಕಪ್ ಗೆದ್ದ ಬೆನ್ನಲ್ಲೇ ಬೆರಿಲ್ ಚಂಡಮಾರುತ ಬಂತು. ತಂಡ ಹೋಟೆಲಿನಲ್ಲೇ ಸಿಲುಕಿ, ವಿಶೇಷ ವಿಮಾನದಲ್ಲಿ ಜುಲೈ 4ಕ್ಕೆ ದೆಹಲಿ ತಲುಪಿತು. ನಮಗೆಲ್ಲ ವಿಶೇಷ ವಿಮಾನ ಬರುವುದಿಲ್ಲ. ಈ ತಿಂಗಳುಗಳಲ್ಲಿ ಹೋಗುವವರು ವಿಮಾನ ವಿಳಂಬ ಮತ್ತು ಹೆಚ್ಚುವರಿ ವಾಸ್ತವ್ಯ ಎರಡನ್ನೂ ಭರಿಸುವ ವಿಮೆಯನ್ನು ಟಿಕೆಟ್ ಕೊಂಡ ದಿನವೇ ಮಾಡಿಸಬೇಕು. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಮಾಡಿಸಿದ ವಿಮೆ ಸಾಮಾನ್ಯವಾಗಿ ಅದಕ್ಕೆ ಅನ್ವಯಿಸುವುದಿಲ್ಲ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಪ್ರವಾಸದ ದಿನಗಳಿಗಿಂತ ಐದಾರು ದಿನಕ್ಕೆ ಹೆಚ್ಚೇ ಇರಲಿ, ಅವು ಕೈಚೀಲದಲ್ಲೇ ಇರಲಿ.

ಕೋಣೆ ಮತ್ತು ದರಪಟ್ಟಿ ಓದುವ ಬಗೆ

ಹೋಟೆಲಿನವರು 600 ಡಾಲರ್ ಪ್ಲಸ್ ಪ್ಲಸ್ ಎಂದರೆ ಅದರ ಮೇಲೆ ಸೇವಾ ಶುಲ್ಕ ಮತ್ತು ತೆರಿಗೆ ಬರುತ್ತದೆ ಎಂದರ್ಥ. ತಲಾ ಶೇ 10 ಎಂದು ಹಿಡಿದರೂ 720 ದಾಟಿತು. ಕೋಣೆಗೆ ರಾತ್ರಿಯ ಲೆಕ್ಕದಲ್ಲಿ ಸರ್ಕಾರದ ಲೆವಿ ಬೇರೆ. ಏಳು ರಾತ್ರಿಗೆ ಒಟ್ಟು ಎಷ್ಟು, ಎಲ್ಲ ತೆರಿಗೆ ಸೇರಿಸಿ ಇಮೇಲ್‌ನಲ್ಲಿ ಬರೆದುಕೊಡಿ ಎಂದು ಕೇಳಿ. ಆ ಒಂದು ಸಂಖ್ಯೆಯನ್ನಿಟ್ಟುಕೊಂಡೇ ಹೋಟೆಲುಗಳನ್ನು ಹೋಲಿಸಿ.

ಓಷನ್ ವ್ಯೂ ಎಂಬುದಕ್ಕೂ ಓಷನ್ ಫ್ರಂಟ್ ಎಂಬುದಕ್ಕೂ ಅಜಗಜಾಂತರ. ಮೊದಲನೆಯದರಲ್ಲಿ ಬಾಲ್ಕನಿಯ ಮೂಲೆಯಿಂದ ತೆಂಗಿನ ಗರಿಗಳ ಸಂದಿಯಲ್ಲಿ ನೀಲಿ ಕಂಡರೂ ಸಾಕು, ಅವರ ಮಾತು ಸುಳ್ಳಾಗುವುದಿಲ್ಲ. ಕೋಣೆಯ ಸಂಖ್ಯೆ ಗುರುತು ಮಾಡಿದ ನಕ್ಷೆ ಕೇಳಿ. ನೆಲಮಹಡಿಯಾದರೆ ಮಕ್ಕಳು ನೇರ ಮರಳಿಗೆ ಓಡಬಹುದು. ಗಾಳಿ, ಏಕಾಂತ ಬೇಕೆಂದರೆ ಮೇಲಿನ ಮಹಡಿ. ರಾತ್ರಿ ತೋಟದಲ್ಲಿ ಉಗುರಿನಷ್ಟು ಚಿಕ್ಕ ಕಪ್ಪೆಗಳು ಸಿಳ್ಳೆ ಹೊಡೆದಂತೆ ಬೆಳಗಿನವರೆಗೂ ಕೂಗುತ್ತವೆ. ಎಚ್ಚರ ನಿದ್ದೆಯವರು ತೋಟದ ಕಡೆಯ ಕೋಣೆ ಬೇಡವೆನ್ನಿ.

ಊಟ ಸೇರಿದ ಪ್ಯಾಕೇಜ್ ಬೇಕೇ? ಪಶ್ಚಿಮ ತೀರದಲ್ಲಿ ಉಳಿಯುವವರಿಗೆ ಬೆಳಗಿನ ತಿಂಡಿ ಮಾತ್ರ ಸೇರಿದ ದರ ಸಾಕು. ಹೋಲ್‌ಟೌನ್‌ನಲ್ಲಿ ಹೊರಗೆ ತಿನ್ನಲು ಬೇಕಾದಷ್ಟಿದೆ. ಮದ್ಯ ಮುಟ್ಟದವರಿಗೆ, ಮಾಂಸ ತಿನ್ನದವರಿಗೆ ಎಲ್ಲ ಸೇರಿದ ದರ ನಷ್ಟದ ಬಾಬತ್ತು, ಏಕೆಂದರೆ ಅದರ ಬೆಲೆಯಲ್ಲಿ ದೊಡ್ಡ ಪಾಲು ಆ ಎರಡರದ್ದೇ. ಹಾಗೆಂದು ಹೊರಗಿನ ಊಟ ಅಗ್ಗವೆಂದು ತಿಳಿಯಬೇಡಿ. ಆಹಾರದ ಬಹುಪಾಲು ಆಮದಾಗುವುದರಿಂದ ಪಶ್ಚಿಮದ ಒಳ್ಳೆಯ ರೆಸ್ಟೊರೆಂಟಿನಲ್ಲಿ ಇಬ್ಬರ ರಾತ್ರಿಯೂಟ 150 ಅಮೆರಿಕನ್ ಡಾಲರನ್ನು ಸುಲಭವಾಗಿ ದಾಟುತ್ತದೆ. ಅಲ್ಲಿಗೆ ಸಂಜೆ ಚಡ್ಡಿ, ಚಪ್ಪಲಿಯಲ್ಲಿ ಹೋದರೆ ಒಳಗೆ ಬಿಡದಿರಬಹುದು. ಗಂಡಸರಿಗೆ ಒಂದು ಜೊತೆ ಉದ್ದ ಪ್ಯಾಂಟು, ಕಾಲರ್ ಅಂಗಿ ಇರಲಿ.

ರದ್ದತಿಯ ಷರತ್ತನ್ನು ಕೊನೆಯ ಸಾಲಿನವರೆಗೆ ಓದಿ. ಬ್ರಿಟನ್ ವೀಸಾ ಕೈಗೆ ಬರುವ ತನಕ ಹಣ ವಾಪಸ್ ಬರುವ ದರದಲ್ಲೇ ಬುಕ್ ಮಾಡಿ, ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ. ಭಾರತದ ಏಜೆಂಟರಿಂದ ವಿದೇಶಿ ಪ್ಯಾಕೇಜ್ ಕೊಂಡರೆ ಟಿಸಿಎಸ್ (ಮೂಲದಲ್ಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ. ಆ ಪ್ರಮಾಣಪತ್ರ ಇಟ್ಟುಕೊಂಡು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಿದರೆ ಸರಿಹೊಂದಿಸಿಕೊಳ್ಳಬಹುದು.

ಸಸ್ಯಾಹಾರಿಗಳಿಗೆ

ವೆಜಿಟೇರಿಯನ್ ಎಂಬ ಒಂದು ಪದ ಹೇಳಿ ಬಿಟ್ಟರೆ ತಟ್ಟೆಯಲ್ಲಿ ಮೀನು ಬರಬಹುದು. ಮಾಂಸ, ಮೀನು, ಮೊಟ್ಟೆ ಬೇಡ, ಮಾಂಸ ಬೇಯಿಸಿದ ನೀರೂ ಬೇಡ ಎಂದು ಬಿಡಿಸಿ, ಎರಡು ವಾರ ಮುಂಚೆಯೇ ಹೋಟೆಲಿಗೆ ಬರೆಯಿರಿ. ಅಲ್ಲಿನ ಮನೆಯೂಟದಲ್ಲಿ ನಮಗೆ ಒಗ್ಗುವಂಥದ್ದು ಬಹಳ ಇದೆ: ಹಲಸಿನ ಬಳಗದ ದೀವಿ ಹಲಸು, ಕರಿದ ಬಾಳೆ, ಗೆಣಸು, ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ ಮುದ್ದೆಯಂತೆ ತೊಳಸಿದ ಕೂಕೂ. ಕೂಕೂ ಜೊತೆಗೆ ಮೀನಿನ ಗೊಜ್ಜು ಬರುವುದು ರೂಢಿ, ಅದನ್ನು ಬೇಡವೆನ್ನಿ. ರೈಸ್ ಅಂಡ್ ಪೀಸ್ ನೋಡಲು ಕಾಳಿನ ಅನ್ನ, ಆದರೆ ಉಪ್ಪಿನಲ್ಲಿಟ್ಟ ಹಂದಿ ಮಾಂಸ ಹಾಕಿ ಬೇಯಿಸುವುದು ಸಾಮಾನ್ಯ, ಕೇಳಿಯೇ ತಿನ್ನಿ. ಆಲೂಗಡ್ಡೆ, ಕಡಲೆ ತುಂಬಿದ ರೊಟ್ಟಿ ಸುರುಳಿ ಎಲ್ಲೆಡೆ ಸಿಗುತ್ತದೆ. ರಾಸ್ತಾಫಾರಿ ಪಂಥದವರ ಐಟಲ್ ಅಡುಗೆ ಬಹುಮಟ್ಟಿಗೆ ಮಾಂಸವಿಲ್ಲದ್ದು. ಗುಜರಾತ್ ಮೂಲದ ವ್ಯಾಪಾರಿ ಕುಟುಂಬಗಳು ಬ್ರಿಜ್‌ಟೌನ್‌ನಲ್ಲಿ ತಲೆಮಾರುಗಳಿಂದ ಇರುವುದರಿಂದ ಬೇಳೆ, ಮಸಾಲೆ ಸಿಗದ ಊರೇನಲ್ಲ.

ಮನೆಯಿಂದ ಕುಕ್ಕರ್, ಕೆಟಲ್ ಒಯ್ಯುವವರು ಇದನ್ನು ಗಮನಿಸಿ: ಅಲ್ಲಿನ ವಿದ್ಯುತ್ 115 ವೋಲ್ಟ್, ಪ್ಲಗ್ ಅಮೆರಿಕದ ಚಪ್ಪಟೆ ಪಿನ್ನಿನದು. ನಮ್ಮ 230 ವೋಲ್ಟಿನ ಕೆಟಲ್ ಅಲ್ಲಿ ಕಾಲು ಭಾಗ ಶಕ್ತಿಯಲ್ಲಿ ಕೆಲಸ ಮಾಡುತ್ತದೆ, ನೀರು ಕುದಿಯಲು ನಾಲ್ಕು ಪಟ್ಟು ಹೊತ್ತು. ಫೋನ್, ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ 100-240 ಎಂದಿದ್ದರೆ ಪಿನ್ ಅಡಾಪ್ಟರ್ ಒಂದೇ ಸಾಕು.

ಹಣ, ಓಡಾಟ

ಬಾರ್ಬಡೋಸ್ ಡಾಲರ್ 1975ರಿಂದಲೂ ಅಮೆರಿಕನ್ ಡಾಲರಿಗೆ 2ರಂತೆ ನಿಗದಿಯಾಗಿದೆ. ಅಮೆರಿಕನ್ ಡಾಲರನ್ನೂ ಎಲ್ಲೆಡೆ ತೆಗೆದುಕೊಳ್ಳುತ್ತಾರೆ. ತೊಡಕು ಬರುವುದು ಟ್ಯಾಕ್ಸಿಯಲ್ಲಿ, ದೋಣಿಯಲ್ಲಿ: 80 ಡಾಲರ್ ಎಂದರೆ ಯಾವ ಡಾಲರ್ ಎಂದು ಹತ್ತುವ ಮೊದಲೇ ಕೇಳಿ, ಇಲ್ಲದಿದ್ದರೆ ಎರಡರಷ್ಟು ತೆರಬೇಕಾದೀತು. ಟ್ಯಾಕ್ಸಿಗೆ ಮೀಟರ್ ಇಲ್ಲ, ಊರಿಂದೂರಿಗೆ ನಿಗದಿಯಾದ ದರವಿದೆ. ವಿಮಾನ ನಿಲ್ದಾಣದಿಂದ ಹೋಲ್‌ಟೌನ್‌ಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಸಂಜೆ ಆಫೀಸು ಬಿಡುವ ಹೊತ್ತಿಗೆ ಇನ್ನೂ ಹೆಚ್ಚು. ಸರ್ಕಾರಿ ನೀಲಿ ಬಸ್ಸುಗಳು, ಹಳದಿ ಬಸ್ಸುಗಳು, ಝಡ್‌ಆರ್ ಎಂಬ ವ್ಯಾನುಗಳು ಕರಾವಳಿ ರಸ್ತೆಯಲ್ಲಿ ಓಡುತ್ತಲೇ ಇರುತ್ತವೆ. ಹಗಲು ಹೊತ್ತು ಪಶ್ಚಿಮ ತೀರದಲ್ಲಿ ಓಡಾಡಲು ಅವೇ ಸಾಕು. ಬಾಡಿಗೆ ಕಾರು ಎರಡು ದಿನಕ್ಕೆ ತೆಗೆದುಕೊಂಡರೆ ಸಾಕು. ಸಂದರ್ಶಕರ ಚಾಲನಾ ಪರವಾನಗಿಯನ್ನು ಕಾರು ಕೊಡುವವರೇ ಮಾಡಿಕೊಡುತ್ತಾರೆ. ಒಳನಾಡಿನ ರಸ್ತೆಗಳು ಕಬ್ಬಿನ ಗದ್ದೆಗಳ ನಡುವೆ ಬಹಳ ಕಿರಿದು.

ಆ ಎರಡು ದಿನದಲ್ಲಿ ಒಂದನ್ನು ಉತ್ತರಕ್ಕೆ ಕೊಡಿ: 17ನೇ ಶತಮಾನದ ಸೇಂಟ್ ನಿಕೊಲಸ್ ಅಬ್ಬಿ ಮನೆ, ಆನಿಮಲ್ ಫ್ಲವರ್ ಗುಹೆ. ಸಮುದ್ರ ಎದ್ದ ದಿನ ಗುಹೆಗೆ ಇಳಿಸುವುದಿಲ್ಲ, ಫೋನ್ ಮಾಡಿ ಹೊರಡಿ. ಇನ್ನೊಂದು ದಿನ ಟ್ರ್ಯಾಮಿನಲ್ಲಿ ಕುಳಿತು ನೋಡುವ ಹ್ಯಾರಿಸನ್ಸ್ ಗುಹೆ, ಬಳಿಕ ಬಾತ್‌ಶೀಬಾ. ಶುಕ್ರವಾರ ಸಂಜೆ ಆಯ್ಸ್‌ಟಿನ್ಸ್‌ನ ಮೀನು ಸಂತೆ. ಮೀನು ತಿನ್ನದವರಿಗೂ ಅಲ್ಲಿನ ಹಾಡು, ಕುಣಿತ ಇದೆ. ಬ್ರಿಜ್‌ಟೌನ್‌ನಲ್ಲಿ ಕೆನ್ಸಿಂಗ್ಟನ್ ಓವಲ್ ನೋಡದೆ ಬರಬೇಡಿ.

ಅಲ್ಲಿ ಮಾಡಬಾರದ್ದು

ಸೈನಿಕರ ಸಮವಸ್ತ್ರದಂಥ ಮಚ್ಚೆ ಬಣ್ಣದ (ಕ್ಯಾಮೊಫ್ಲಾಜ್) ಬಟ್ಟೆ ಬಾರ್ಬಡೋಸ್‌ನಲ್ಲಿ ನಾಗರಿಕರಿಗೆ ಕಾನೂನುಬಾಹಿರ. ಮಕ್ಕಳ ಟೋಪಿ, ಬ್ಯಾಗಿಗೂ ಇದು ಅನ್ವಯಿಸುತ್ತದೆ, ಪ್ಯಾಕ್ ಮಾಡುವಾಗಲೇ ತೆಗೆದಿಡಿ. ಬೀಚಿನಲ್ಲಿ ಕಾಂಡಕ್ಕೆ ಕೆಂಪು ಪಟ್ಟಿ ಬಳಿದ ಮರ ಕಂಡರೆ ಅದು ಮ್ಯಾಂಚಿನೀಲ್. ಸಣ್ಣ ಸೇಬಿನಂಥ ಹಸಿರು ಕಾಯಿ ವಿಷ, ಎಲೆಯ ಹಾಲು ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ಮಳೆ ಬಂದಾಗ ಅದರಡಿ ನಿಂತರೂ ಅದೇ ಗತಿ. ಎಲ್ಲ ಮರಗಳಿಗೂ ಪಟ್ಟಿ ಇರುವುದಿಲ್ಲವಾದ್ದರಿಂದ ಗುರುತಿಲ್ಲದ ಮರದ ಕಾಯಿಯನ್ನು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ. ಅಕ್ಷಾಂಶ ಬೆಂಗಳೂರಿನಷ್ಟೇ, 13 ಡಿಗ್ರಿ. ಆದರೆ ಗಾಳಿ ಬೀಸುತ್ತಿರುವುದರಿಂದ ಬಿಸಿಲಿನ ಚುರುಕು ತಿಳಿಯದೆ ಬೆನ್ನು ಸುಟ್ಟಿರುತ್ತದೆ. ನೀರಿಗಿಳಿಯುವಾಗ ತೋಳಿರುವ ಈಜು ಅಂಗಿ ಹಾಕಿಕೊಳ್ಳಿ. ಡೆಂಗಿ ಅಲ್ಲೂ ಉಂಟು, ಸೊಳ್ಳೆ ಮುಲಾಮು ಇರಲಿ.

ಮರಳುವ ದಿನ ಉಳಿದ ಬಾರ್ಬಡೋಸ್ ನೋಟುಗಳನ್ನು ಅಲ್ಲೇ ಬದಲಾಯಿಸಿ ಅಥವಾ ಹೋಟೆಲ್ ಬಿಲ್ಲಿಗೆ ಹಾಕಿ. ಭಾರತದಲ್ಲಿ ಅವನ್ನು ಕೊಳ್ಳುವವರು ಸಿಗುವುದಿಲ್ಲ. 1703ರಿಂದ ಹೆಸರಾದ ಮೌಂಟ್ ಗೇ ರಮ್ ತರುವುದಾದರೆ ಊರಲ್ಲೇ ಕೊಂಡು ಬಟ್ಟೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಗೆ ಹಾಕಿ. ವಿಮಾನ ನಿಲ್ದಾಣದ ಅಂಗಡಿಯಲ್ಲಿ ಕೊಂಡರೆ ಅದು ಮೊಹರು ಮಾಡಿದ ಚೀಲದಲ್ಲಿ, ರಸೀದಿ ಸಮೇತ ಇರಬೇಕು. ಮೊಹರು ಒಡೆದಿದ್ದರೆ ಲಂಡನ್‌ನ ಭದ್ರತಾ ತಪಾಸಣೆಯಲ್ಲಿ ಬಾಟಲಿ ಅಲ್ಲೇ ಉಳಿಯುತ್ತದೆ. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ತಲಾ 2 ಲೀಟರ್.